ಸಿಬ್ಬಂದಿ ಬಾಯಿ ಬಿಟ್ಟು ಹೇಳುವ ಆಸ್ಪತ್ರೆ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ನೂರು ಹಾಸಿಗೆಗಳ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಎಂಟು ತಿಂಗಳಿಂದ ಆಡಳಿತ ವೈದ್ಯಾಧಿಕಾರಿಯಾಗಿದ್ದೇನೆ. ಶಸ್ತ್ರಚಿಕಿತ್ಸೆ ನನಗೆ ಗೊತ್ತು. ಜನರನ್ನು ಜೊತೆಗೆ ಕರೆದೊಯ್ಯುವುದನ್ನು ಯಾರೂ ಕಲಿಸಲಿಲ್ಲ. ಇಬ್ಬರು ಒಳ್ಳೆಯ ಶುಶ್ರೂಷಾಧಿಕಾರಿಗಳು ವರ್ಗಾವಣೆ ಕೇಳಿದ್ದಾರೆ, ಪ್ರಯೋಗಾಲಯದ ತಂತ್ರಜ್ಞರು ದಿನವೂ ತಡವಾಗಿ ಬರುತ್ತಾರೆ, ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ ಹೇಳದೆ ಕೇಳದೆ ಗೈರಾಗುತ್ತಾರೆ. ಹನ್ನೊಂದು ಮಂದಿಗೆ ಕಾರಣ ಕೇಳಿ ನೋಟಿಸ್ ಕೊಟ್ಟೆ. ಆಮೇಲೆ ಎಲ್ಲರೂ ನಮಸ್ಕಾರ ಮಾಡುತ್ತಾರೆ, ಆದರೆ ಏನನ್ನೂ ಹೇಳುವುದಿಲ್ಲ. ಆರೋಗ್ಯ ಸೇವೆಯಲ್ಲಿ ಸಿಬ್ಬಂದಿಯ ಉತ್ತಮ ನಿರ್ವಹಣೆ ಎಂದರೆ ನಿಜವಾಗಿ ಏನು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ವರ್ಗಾವಣೆಯ ಅರ್ಜಿಗಳೂ ಅಲ್ಲ, ತಡವಾಗಿ ಬರುವ ತಂತ್ರಜ್ಞರೂ ಅಲ್ಲ, "ಎಲ್ಲರೂ ನಮಸ್ಕಾರ ಮಾಡುತ್ತಾರೆ, ಆದರೆ ಏನನ್ನೂ ಹೇಳುವುದಿಲ್ಲ" ಎಂಬ ಒಂದು ವಾಕ್ಯ. ಬೇರೆ ಕಚೇರಿಗಳಲ್ಲಿ ಮೌನವನ್ನು ಶಿಸ್ತೆಂದು ತಿಳಿದುಕೊಂಡರೆ ಕಡತಗಳು ತಡವಾಗುತ್ತವೆ, ಅಷ್ಟೆ. ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಖಾಲಿಯಾಗುತ್ತಿರುವುದನ್ನು, ರೋಗಿಯ ಉಸಿರು ಬದಲಾಗಿರುವುದನ್ನು, ರಕ್ತದ ಚೀಲದ ಮೇಲಿನ ಹೆಸರು ಬೇರೆಯಾಗಿರುವುದನ್ನು ಮೊದಲು ಕಾಣುವವರು ವೈದ್ಯರಲ್ಲ, ವಾರ್ಡಿನಲ್ಲಿ ಸದಾ ಓಡಾಡುವವರು. ಅವರ ಬಾಯಿ ಕಟ್ಟಿದರೆ ನಿಮ್ಮ ಕಣ್ಣು ಕಟ್ಟಿದಂತೆ. ಸೇವೆಯ ಮೂವತ್ತೆರಡು ವರ್ಷಗಳಲ್ಲಿ ಸರಿಸುಮಾರು ಅರ್ಧ ಕಾಲವನ್ನು ನಾನು ಆಡಳಿತದಲ್ಲಿ ಕಳೆದಿದ್ದೇನೆ. ಒಂದು ಆಸ್ಪತ್ರೆಯ ಸಿಬ್ಬಂದಿ ನಿರ್ವಹಣೆ ಚೆನ್ನಾಗಿದೆಯೇ ಎಂದು ತಿಳಿಯಲು ನಾನು ಈಗ ಕೇಳುವುದು ಒಂದೇ ಪ್ರಶ್ನೆ: ಅತಿ ಕಡಿಮೆ ಸಂಬಳದ ವ್ಯಕ್ತಿಯ ಕಣ್ಣಿಗೆ ಬಿದ್ದ ತೊಂದರೆ, ಅದನ್ನು ಸರಿಪಡಿಸಬಲ್ಲವರ ಕಿವಿಗೆ ಎಷ್ಟು ಹೊತ್ತಿನಲ್ಲಿ ಬೀಳುತ್ತದೆ?

ಈ ಪ್ರಶ್ನೆಯನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಅದು 1994ರ ಮಾತು. ಬಾಗಲಕೋಟೆ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅಖಂಡ ವಿಜಾಪುರ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ಹೆರಿಗೆ ತಜ್ಞೆಯಾಗಿದ್ದೆ. ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿದ ಸಿಸ್ಟರ್ ಒಬ್ಬರನ್ನು, ಕಾರಣ ಸಣ್ಣದೆಂದು ಎಲ್ಲರೆದುರಿಗೆ ಬೈದಿದ್ದೆ. ಅದಾಗಿ ಒಂದು ವಾರಕ್ಕೆ, ಇನ್ನೊಂದು ರಾತ್ರಿ, ಆಗತಾನೆ ಹೆತ್ತ ಹೆಣ್ಣುಮಗಳೊಬ್ಬಳ ಬಟ್ಟೆ ಎರಡು ಬಾರಿ ರಕ್ತದಲ್ಲಿ ನೆನೆದುದನ್ನು ವಾರ್ಡಿನ ಆಯಾ ಗಮನಿಸಿ ಸಿಸ್ಟರಿಗೆ ಹೇಳಿದರು. ಸಿಸ್ಟರ್ ನನ್ನನ್ನು ಎಬ್ಬಿಸಲು ಹಿಂಜರಿದು ನಲವತ್ತು ನಿಮಿಷ ಕಾದರು. ನಾನು ಬರುವ ಹೊತ್ತಿಗೆ ನಾಡಿ ಎಳೆಯಂತಾಗಿತ್ತು. ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಸಾಗಿಸಿ, ರಕ್ತ ಕೊಟ್ಟು, ಗರ್ಭಕೋಶ ತೆಗೆದು ಜೀವ ಉಳಿಸಿಕೊಂಡೆವು. ಅವಳಿಗೆ ಇಪ್ಪತ್ತೊಂದು ವರ್ಷ, ಅದೇ ಮೊದಲ ಹೆರಿಗೆ. ಮರುದಿನ ವಿಚಾರಿಸಿದಾಗ ಆಯಾ ಹೇಳಿದ್ದು ಇಷ್ಟು: "ನಾ ಹೇಳಿನ್ರಿ ಮೇಡಮ್ಮಾರ. ನಿಮ್ಮನ್ನ ಎಬ್ಬಸಾಕ ಎಲ್ಲಾರೂ ಅಂಜತಾರ್ರಿ." ಆ ನಲವತ್ತು ನಿಮಿಷಗಳನ್ನು ಸಿಸ್ಟರ್ ಖಾತೆಗೆ ಬರೆಯುವುದು ಸುಲಭವಿತ್ತು, ದಾಖಲೆಯಲ್ಲಿ ಬರೆದದ್ದೂ ಹಾಗೆಯೇ. ಅವು ನನ್ನ ಖಾತೆಯವು.

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಾಸ ಮಾಡಿದಾಗ, ಒಳ್ಳೆಯ ಮುಖ್ಯಸ್ಥರಿರುವ, ಹೊಂದಾಣಿಕೆಯಿಂದ ಕೆಲಸ ಮಾಡುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆಂದು ನಿರೀಕ್ಷಿಸಿದ್ದರು. ಅಂಕಿಗಳು ತಿರುಗಾಮುರುಗಾ ಬಂದವು: ಅಂಥ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವೆಂದಲ್ಲ, ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು ಎಂದು ಅವರು ಮುಂದೆ ವಿವರಿಸಿದರು. 1996ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ಆರೋಗ್ಯ ಸೇವೆಯ ನಿರ್ವಹಣೆಯ ಬಗೆಗಿನ ಚಿಂತನೆ ಬಹಳಷ್ಟು ಬದಲಾಯಿತು. ಆದ್ದರಿಂದ ನಿಮ್ಮ ಆಸ್ಪತ್ರೆಯ ತಿಂಗಳ ವರದಿಯಲ್ಲಿ ಯಾವ ತಪ್ಪೂ ಇಲ್ಲವೆಂದು ಬಂದರೆ ಸಮಾಧಾನಪಡಬೇಡಿ. ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ತಿಂಗಳಿಡೀ ಒಂದು ತಪ್ಪೂ ಆಗದಿರುವುದು ಸಾಧ್ಯವಿಲ್ಲ. ಆದದ್ದು ನಿಮ್ಮ ಬಳಿಗೆ ಬಂದಿಲ್ಲ.

ಶಸ್ತ್ರಚಿಕಿತ್ಸಕರಾದ ನಿಮಗೆ ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಸುರಕ್ಷತಾ ಪರಿಶೀಲನಾ ಪಟ್ಟಿ ಪರಿಚಿತವೇ ಆಗಿರುತ್ತದೆ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಮರಣ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ, ತೊಡಕುಗಳ ಪ್ರಮಾಣ ಶೇ. 11ರಿಂದ ಶೇ. 7ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಆ ಪಟ್ಟಿಯಲ್ಲಿ ಬಹಳ ಕಡೆ ಹಾರಿಸಿಬಿಡುವ ಒಂದು ಸಾಲಿದೆ: ಚರ್ಮಕ್ಕೆ ಕತ್ತಿ ತಾಗುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು. "ದಿನಾ ನೋಡುವ ಮುಖಗಳೇ, ಹೆಸರು ಯಾಕೆ?" ಎಂದು ಕೇಳುವವರಿದ್ದಾರೆ. ಒಮ್ಮೆ ಬಾಯಿ ತೆರೆದು ತನ್ನ ಹೆಸರು ಹೇಳಿದ ವ್ಯಕ್ತಿಗೆ, ಹತ್ತು ನಿಮಿಷದ ನಂತರ "ಸರ್, ಒಂದು ಗಾಜ್ ಬಟ್ಟೆ ಲೆಕ್ಕಕ್ಕೆ ಸಿಗುತ್ತಿಲ್ಲ" ಎಂದು ಹೇಳುವುದು ಅಷ್ಟು ಕಷ್ಟವಾಗುವುದಿಲ್ಲ ಎಂಬುದೇ ಅದಕ್ಕೆ ಕಾರಣ. ನಿಮ್ಮ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯಲ್ಲಿ ಎಷ್ಟು ಮಂದಿಯ ಹೆಸರು ನಿಮಗೆ ಗೊತ್ತು ಎಂದು ಇಂದು ರಾತ್ರಿ ಒಂದು ಹಾಳೆಯ ಮೇಲೆ ಬರೆದು ನೋಡಿ. ಕೂಡಲಸಂಗಮ, ಬಸವನ ಬಾಗೇವಾಡಿಗಳ ನಡುವೆ ಬದುಕುವ ನಮಗೆ ಕಾಯಕದಲ್ಲಿ ಮೇಲುಕೀಳಿಲ್ಲ ಎಂಬ ಮಾತು ಬಾಯಿಪಾಠವಾಗಿದೆ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ವಚನಕಾರ್ತಿಯರ ಸಾಲಿನಲ್ಲಿದ್ದಾರೆ. ಆದರೂ ಆಸ್ಪತ್ರೆಯ ಬೆಳಗಿನ ಸಭೆಯಲ್ಲಿ ಕಸ ಗುಡಿಸುವವರಿಗೆ ಕುರ್ಚಿ ಇರುವುದನ್ನು ನಾನು ಕಂಡದ್ದು ಬಹಳ ವಿರಳ.

ಇನ್ನು ಹನ್ನೊಂದು ನೋಟಿಸುಗಳ ವಿಷಯ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡಿರೆಂದು ಹೇಳಬಹುದಾಗಿತ್ತು, ಆದರೆ ಅದು ಪೂರ್ಣ ಸತ್ಯವಲ್ಲ. ಆ ಹನ್ನೊಂದರಲ್ಲಿ ಒಂದೆರಡಕ್ಕಾದರೂ ಕೊಡಲಿಯೇ ಬೇಕಾಗಿದ್ದಿರಬಹುದು. ತೊಂದರೆ ಇರುವುದು ಎಲ್ಲಕ್ಕೂ ಒಂದೇ ಕಾಗದ ಬಳಸಿದ್ದರಲ್ಲಿ. ಆರೋಗ್ಯ ಸೇವೆಯ ತಪ್ಪುಗಳನ್ನು ಮೂರು ಬಗೆಯಾಗಿ ನೋಡುವುದು ಈಗ ಹಲವು ದೇಶಗಳಲ್ಲಿ ರೂಢಿಗೆ ಬಂದಿದೆ. ಹನ್ನೆರಡು ಗಂಟೆಯ ರಾತ್ರಿ ಪಾಳಿಯ ಕೊನೆಯಲ್ಲಿ ಸಿಸ್ಟರ್ ಒಬ್ಬರು ಒಂದರ ಬದಲು ಇನ್ನೊಂದು ಚುಚ್ಚುಮದ್ದಿನ ಆಂಪೂಲ್ ಕೈಗೆತ್ತಿಕೊಂಡರೆ ಅದು ಮನುಷ್ಯಸಹಜ ತಪ್ಪು. ಎರಡೂ ಒಂದೇ ಬಣ್ಣದವಾಗಿ ಒಂದೇ ತಟ್ಟೆಯಲ್ಲಿದ್ದರೆ ನೋಟಿಸ್ ಹೋಗಬೇಕಾದದ್ದು ತಟ್ಟೆಗೆ, ಅಂದರೆ ಅದನ್ನು ಹಾಗೆ ಇಡಲು ಬಿಟ್ಟ ನಮಗೆ. ಎರಡನೆಯದು ಎಲ್ಲರೂ ಹಿಡಿಯುವ ಅಡ್ಡದಾರಿ: ರಕ್ತ ಏರಿಸುವ ಮುನ್ನ ಇಬ್ಬರು ನೋಡಬೇಕಾದಲ್ಲಿ ಒಬ್ಬರೇ ನೋಡಿ ಇಬ್ಬರ ಸಹಿ ಹಾಕುವುದು. ಅಲ್ಲಿ ಕೂರಿಸಿಕೊಂಡು ತಿಳಿಹೇಳಬೇಕು, ಜೊತೆಗೆ ಅಡ್ಡದಾರಿ ಏಕೆ ಹುಟ್ಟಿತೆಂದು ಕೇಳಬೇಕು. ರಾತ್ರಿ ಆ ವಾರ್ಡಿನಲ್ಲಿ ಇರುವುದೇ ಒಬ್ಬರಾದರೆ ಎರಡನೆಯ ಸಹಿ ಎಲ್ಲಿಂದ ಬರಬೇಕು? ಮೂರನೆಯದು ತಿಳಿದೂ ಮಾಡುವ ಕೇಡು: ಕುಡಿದು ಡ್ಯೂಟಿಗೆ ಬರುವುದು, ರಕ್ತದೊತ್ತಡ ಅಳೆಯದೆ ಅಂಕಿ ಬರೆಯುವುದು, ಹೆರಿಗೆ ಕೋಣೆಯ ಬಾಗಿಲಲ್ಲಿ ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಇಷ್ಟು ಎಂದು ಕೈಯೊಡ್ಡುವುದು. ಇಲ್ಲಿ ಕರುಣೆ ತೋರಿಸಿದರೆ ಅದು ಬಡ ಬಾಣಂತಿಯ ಮೇಲಿನ ಕ್ರೌರ್ಯವಾಗುತ್ತದೆ. ಮೊದಲ ಬಗೆಯವರಿಗೂ ಮೂರನೆಯ ಬಗೆಯವರಿಗೂ ಒಂದೇ ನೋಟಿಸ್ ಹೋದರೆ ಪ್ರಾಮಾಣಿಕರು ನೊಂದು ಸುಮ್ಮನಾಗುತ್ತಾರೆ, ಉಳಿದವರು ಉತ್ತರ ಬರೆಯುವುದರಲ್ಲಿ ಪಳಗುತ್ತಾರೆ.

ನಮ್ಮ ಸರ್ಕಾರಿ ವ್ಯವಸ್ಥೆಯೂ ಈ ತತ್ತ್ವವನ್ನು ಒಪ್ಪಿದೆ. ತಾಯಿ ಮರಣದ ಪರಿಶೀಲನೆಗೆ 2010ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯೂ 2017ರ ಪರಿಷ್ಕೃತ ಮಾರ್ಗಸೂಚಿಯೂ ಉದ್ದೇಶ ಕಾರಣ ಹುಡುಕುವುದೇ ಹೊರತು ತಪ್ಪಿತಸ್ಥರನ್ನು ಹುಡುಕುವುದಲ್ಲ ಎಂದು ಹೇಳುತ್ತವೆ. ಆದರೆ ಅಂಥ ಸಭೆಗಳಲ್ಲಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಕೈಕಟ್ಟಿ ನಿಂತು ಅಳುವುದನ್ನು ನಾನು ಕಂಡಿದ್ದೇನೆ. ಅಲ್ಲಿ ಅತ್ತವರು ಮುಂದಿನ ಸಾರಿ ದಾಖಲೆಯನ್ನು ಅಚ್ಚುಕಟ್ಟಾಗಿ ತಿದ್ದಿಕೊಂಡು ಬರುತ್ತಾರೆ, ನಿಜವಾದ ಕಾರಣ ಹೂತುಹೋಗುತ್ತದೆ. ನಿಮ್ಮ ಮಟ್ಟದ ಪರಿಶೀಲನೆಯನ್ನಾದರೂ ಹಾಗಾಗದಂತೆ ನಡೆಸುವುದು ನಿಮ್ಮ ಕೈಯಲ್ಲಿದೆ: "ಯಾರು?" ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡು, "ಆ ಹೊತ್ತಿನಲ್ಲಿ ಅವರ ಕೈಗೆ ಏನು ಸಿಗಬೇಕಿತ್ತು, ಏನು ಸಿಗಲಿಲ್ಲ?" ಎಂಬುದರಿಂದ ಆರಂಭಿಸಿ.

ಈಗ ಬಹುತೇಕ ಮುಖ್ಯಸ್ಥರು ಗುಮಾಸ್ತರ ಕೆಲಸವೆಂದು ಬಿಟ್ಟುಬಿಡುವ, ನನ್ನ ಲೆಕ್ಕದಲ್ಲಿ ಸಿಬ್ಬಂದಿ ನಿರ್ವಹಣೆಯ ಹೃದಯವೇ ಆದ ಡ್ಯೂಟಿ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಮುಖ್ಯಸ್ಥರು ಭಾಷಣದಲ್ಲಿ ಏನು ಹೇಳಿದರೂ, ಅವರು ಯಾರನ್ನು ಹೇಗೆ ಕಾಣುತ್ತಾರೆಂಬುದನ್ನು ಸಿಬ್ಬಂದಿ ಓದಿಕೊಳ್ಳುವುದು ಆ ಪಟ್ಟಿಯಲ್ಲಿ. ಕಳೆದ ಆರು ತಿಂಗಳ ಪಟ್ಟಿಗಳನ್ನು ತರಿಸಿ, ಪ್ರತಿಯೊಬ್ಬರಿಗೂ ಎಷ್ಟು ರಾತ್ರಿ ಪಾಳಿ, ಎಷ್ಟು ಭಾನುವಾರ, ಎಷ್ಟು ಹಬ್ಬದ ಡ್ಯೂಟಿ ಬಿದ್ದಿದೆಯೆಂದು ನೀವೇ ಎಣಿಸಿ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಸವದತ್ತಿಯ ಎಲ್ಲಮ್ಮನ ಹುಣ್ಣಿಮೆಗಳು, ಉರುಸು, ರಂಜಾನ್, ಊರೂರಿನ ತೇರು: ಈ ದಿನಗಳಲ್ಲಿ ಪ್ರತಿ ವರ್ಷವೂ ಅದೇ ಇಬ್ಬರು ವಾರ್ಡಿನಲ್ಲಿ ಉಳಿದಿರುವುದು ನಿಮಗೆ ಕಂಡರೆ ಆಶ್ಚರ್ಯಪಡಬೇಡಿ, ಅವರೇ ವರ್ಗಾವಣೆ ಕೇಳಿದವರೂ ಆಗಿದ್ದರೆ ಅದಕ್ಕೂ ಆಶ್ಚರ್ಯಪಡಬೇಡಿ. ಎದುರು ಮಾತಾಡದ, ಒಂಟಿಯಾಗಿರುವ, ಶಿಫಾರಸು ತರದ ಸಿಸ್ಟರುಗಳ ಮೇಲೆ ರಾತ್ರಿಗಳು ತಾವಾಗಿಯೇ ಜಾರಿ ಬಂದು ಸೇರುತ್ತವೆ. ಯಾರೂ ಬೇಕೆಂದು ಹಾಗೆ ಮಾಡಿರುವುದಿಲ್ಲ, ಯಾರೂ ಎಣಿಸಿರುವುದಿಲ್ಲ. ಪಟ್ಟಿಯನ್ನು ತಿಂಗಳಿಗೆ ಹದಿನೈದು ದಿನ ಮೊದಲೇ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಪ್ರತಿಯೊಬ್ಬರ ರಾತ್ರಿ ಪಾಳಿಗಳ ಒಟ್ಟು ಲೆಕ್ಕವನ್ನೂ ಬರೆಯಿಸಿದರೆ, ಬದಲಾವಣೆ ಕೇಳುವ ಅರ್ಧದಷ್ಟು ಜಗಳಗಳು ನಿಮ್ಮ ಕೋಣೆಯ ತನಕ ಬರುವುದೇ ಇಲ್ಲ.

ಪಾಳಿ ಬದಲಾಗುವ ಹೊತ್ತನ್ನೂ ನೋಡಿ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಪಾಳಿ ಬದಲಾಗುತ್ತಿತ್ತು. ಜಿಲ್ಲಾ ಕೇಂದ್ರಕ್ಕೆ ಹೋಗುವ ಬಸ್ಸು ಎರಡಕ್ಕೆ ಐದು ನಿಮಿಷ ಇರುವಾಗಲೇ ಬಿಡುತ್ತಿತ್ತು, ಅದು ತಪ್ಪಿದರೆ ಮುಂದಿನದಕ್ಕೆ ಒಂದೂವರೆ ತಾಸು ಕಾಯಬೇಕು. ಹೀಗಾಗಿ ಹೋಗುವವರು ಬರುವವರಿಗೆ ರೋಗಿಗಳ ಸ್ಥಿತಿಯನ್ನು ಒಪ್ಪಿಸುವ ಕೆಲಸ ನಿಂತೇ ಹೋಗಿ, ಒಂದು ಚೀಟಿ ಬರೆದಿಟ್ಟು ಓಡುವುದು ರೂಢಿಯಾಗಿತ್ತು. ಹಿಂದಿದ್ದವರು ಎಚ್ಚರಿಕೆಯ ಸುತ್ತೋಲೆಗಳನ್ನು ಹೊರಡಿಸಿ ಸೋತಿದ್ದರು. ನಾವು ಬೆಳಗಿನ ಪಾಳಿಯನ್ನು ಅರ್ಧ ತಾಸು ಮುಂಚೆ ಆರಂಭಿಸಿ ಅರ್ಧ ತಾಸು ಮುಂಚೆ ಮುಗಿಸಿದೆವು. ಹಾಸಿಗೆಯಿಂದ ಹಾಸಿಗೆಗೆ ಇಬ್ಬರೂ ಜೊತೆಯಾಗಿ ನಡೆದು, ರೋಗಿಯ ಎದುರಿಗೇ ಒಪ್ಪಿಸುವುದು ಮತ್ತೆ ಶುರುವಾಯಿತು. ಬಸ್ಸಿನ ವೇಳೆಯನ್ನು ನಮಗೆ ಹೇಳಿದವರು ಹಿರಿಯ ಸಿಸ್ಟರ್ ಅಲ್ಲ, ಸೇರಿ ಮೂರು ತಿಂಗಳಾಗಿದ್ದ ಹುಡುಗಿ.

ಸಿಬ್ಬಂದಿಯ ಕೊರತೆಯನ್ನು ನಿರ್ವಹಣೆಯ ಜಾಣತನದಿಂದ ಮುಚ್ಚಬಹುದೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ಅಭ್ಯಾಸ ಮಾಡಿದ ಲಿಂಡಾ ಐಕೆನ್ ಮತ್ತು ಸಂಗಡಿಗರು, ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗಲೆಲ್ಲ ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆಂದು 2002ರಲ್ಲಿ ತೋರಿಸಿದರು; ಮುಂದೆ ಯುರೋಪಿನ ಒಂಬತ್ತು ದೇಶಗಳಲ್ಲಿ ನಡೆಸಿದ ಅಧ್ಯಯನದಲ್ಲಿಯೂ, 2014ರಲ್ಲಿ, ಹೆಚ್ಚುಕಡಿಮೆ ಅದೇ ಅಂಕಿ ಬಂತು. ಖಾಲಿ ಹುದ್ದೆಯೆಂಬುದು ಕಡತದ ಅಂಕಣವಲ್ಲ, ರೋಗಿಯ ಪಾಲಿನ ಅಪಾಯ. ಆದ್ದರಿಂದ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಬೇರೆಡೆಗೆ ನಿಯೋಜನೆಯ ಮೇಲೆ ಹೋದವರು ಈ ಮೂರನ್ನೂ ವಾರ್ಡುವಾರು ಬರೆದು ಪ್ರತಿ ತಿಂಗಳು ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕಳಿಸುತ್ತಿರಿ, ಅದರ ಪ್ರತಿಯನ್ನು ಸಿಬ್ಬಂದಿಗೂ ತೋರಿಸಿ. ಇರುವವರನ್ನು ಹಂಚುವಾಗ ಹೆರಿಗೆ ಕೋಣೆ ಮತ್ತು ತುರ್ತು ವಿಭಾಗ ಮೊದಲು, ಕಚೇರಿಯ ಬರವಣಿಗೆ ಕೊನೆಗೆ. ಕಬ್ಬಿನ ಹಂಗಾಮಿನಲ್ಲಿ, ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಯ ಹಾದಿಯಲ್ಲಿರುವ ತಿಂಗಳುಗಳಲ್ಲಿ, ತುರ್ತು ವಿಭಾಗದ ರಾತ್ರಿಗೆ ಒಬ್ಬರು ಹೆಚ್ಚು ಬೇಕಾಗುತ್ತದೆ; ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಬೇರೆ ಲೆಕ್ಕ ಬೇಕು.

ಹೊರಗುತ್ತಿಗೆಯವರು ಹೇಳದೆ ಗೈರಾಗುತ್ತಾರೆಂದು ಬರೆದಿದ್ದೀರಿ. ಅವರಿಗೆ ಕಳೆದ ಸಂಬಳ ಯಾವ ತಿಂಗಳದು, ಯಾವ ತಾರೀಖಿಗೆ ಬಂತು ಎಂದು ಮೊದಲು ಕೇಳಿ. ಎಷ್ಟೋ ಕಡೆ ಏಜೆನ್ಸಿಯ ಬಿಲ್ಲು ನಿಲ್ಲುವುದು ಆಸ್ಪತ್ರೆಯಿಂದ ಹಾಜರಾತಿಯ ದೃಢೀಕರಣ ಹೋಗದೆ, ಅದು ಹೋಗದಿರುವುದು ನಮ್ಮದೇ ಮೇಜಿನ ಮೇಲೆ ಸಹಿಗಾಗಿ ಕಾಯುತ್ತಾ ಬಿದ್ದಿರುವುದರಿಂದ. ಎರಡು ತಿಂಗಳು ಸಂಬಳ ಕಾಣದ ಹೆಣ್ಣುಮಗಳು ಒಂದು ದಿನ ಹೊಲದ ಕೂಲಿಗೆ ಹೋದರೆ ಅದನ್ನು ಅಶಿಸ್ತೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಗುತ್ತಿಗೆದಾರರು ವೇತನ ಕೊಡದಿದ್ದರೆ ಕಾನೂನಿನ ಹೊಣೆ ಮೂಲ ಉದ್ಯೋಗದಾತರ ಮೇಲೆ ಬೀಳುತ್ತದೆಂಬುದನ್ನೂ ನೆನಪಿಡಿ. ಪ್ರತಿ ತಿಂಗಳ ಮೊದಲ ಕೆಲಸದ ದಿನವೇ ಹಾಜರಾತಿಗೆ ಸಹಿ ಹಾಕಿ ಕಳಿಸಿ, ಭವಿಷ್ಯ ನಿಧಿ ಮತ್ತು ಇಎಸ್‌ಐ ಕಟ್ಟಿದ ರಸೀದಿ ಕೇಳಿ. ಸೇವೆ, ತ್ಯಾಗ ಎಂಬ ಮಾತುಗಳನ್ನು ಸಂಬಳದ ಜಾಗದಲ್ಲಿ ಎಂದೂ ಬಳಸಬೇಡಿ. ಆಶಾ ಕಾರ್ಯಕರ್ತೆಯರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗೌರವ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ಆಶಾ ಕಾರ್ಯಕರ್ತೆ ನಡುರಾತ್ರಿ ಗರ್ಭಿಣಿಯನ್ನು ಕರೆತಂದಾಗ ಬೆಳಗಿನವರೆಗೆ ಮೈ ಚೆಲ್ಲಲು ನಿಮ್ಮ ಆಸ್ಪತ್ರೆಯಲ್ಲಿ ಒಂದು ಕೋಣೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಶೌಚಾಲಯ ಇದೆಯೇ ಎಂಬುದನ್ನು ಹೋಗಿ ನೋಡಿ.

ತಂತ್ರಜ್ಞರ ವಿಷಯದಲ್ಲಿ ನಿಮಗೆ ಬೇಕಾದದ್ದು ಮೊದಲು ಒಂದು ಮಾತು, ಆಮೇಲೆ ಬೇಕಾದರೆ ಕಾಗದ. ಬಾಗಿಲು ಹಾಕಿಕೊಂಡು, ಇಬ್ಬರೇ ಕುಳಿತು, ಬಯೋಮೆಟ್ರಿಕ್ ಹಾಜರಾತಿಯ ಒಂದು ತಿಂಗಳ ವೇಳೆಯನ್ನು ಅವರ ಮುಂದಿಟ್ಟು "ಏನು ನಡೆದಿದೆ?" ಎಂದು ಕೇಳಿ, ಅವರು ಮುಗಿಸುವವರೆಗೆ ಸುಮ್ಮನಿರಿ. ಮನೆಯಲ್ಲಿ ಪಾರ್ಶ್ವವಾಯುವಾದ ತಂದೆ ಇರಬಹುದು. ಆಗ ವೇಳೆಯನ್ನು ಹೊಂದಿಸುವ ದಾರಿ ಇದೆ. ಬೆಳಗಿನ ಹೊತ್ತು ಖಾಸಗಿ ಲ್ಯಾಬಿನಲ್ಲಿ ಕುಳಿತು ಬರುತ್ತಿರಲೂಬಹುದು. ಆಗ ದಿನಾಂಕಗಳ ಸಮೇತ ನೋಟಿಸ್ ಕೊಟ್ಟು, ನಿಯಮದಂತೆ ಕೊನೆಯವರೆಗೆ ನಡೆಸಿ, ನಡುವೆ ಯಾರ ಫೋನು ಬಂದರೂ ನಿಲ್ಲಿಸಬೇಡಿ. ಒಬ್ಬರನ್ನು ಹಾಗೇ ಬಿಟ್ಟರೆ, ವೇಳೆಗೆ ಸರಿಯಾಗಿ ಬರುವ ಮೂವತ್ತು ಮಂದಿ ತಮ್ಮನ್ನು ದಡ್ಡರೆಂದುಕೊಳ್ಳುತ್ತಾರೆ.

ಒಂದು ವಿಷಯದಲ್ಲಿ ಮುಖ್ಯಸ್ಥರು ಹಿಂದೆ ಸರಿಯುವಂತಿಲ್ಲ. ಸಿಬ್ಬಂದಿಯ ಮೇಲೆ ರೋಗಿಯ ಕಡೆಯವರು ಕೈ ಮಾಡಿದಾಗ ಠಾಣೆಗೆ ಸಿಸ್ಟರನ್ನು ಒಬ್ಬರೇ ಕಳಿಸಬೇಡಿ. ನೀವೇ ಹೋಗಿ, ಸಂಸ್ಥೆಯ ಪರವಾಗಿ ದೂರು ಕೊಡಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 2009ರಿಂದಲೇ ಇದೆ. ಹಾಗೆಯೇ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ, ಲೈಂಗಿಕ ಕಿರುಕುಳದ ದೂರುಗಳಿಗಾಗಿ ಹಿರಿಯ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ನಿಮ್ಮಲ್ಲಿ ಅದು ಇದ್ದೇ ಇರುತ್ತದೆ. ಅದರ ಸದಸ್ಯರ ಹೆಸರುಗಳು ರಾತ್ರಿ ಪಾಳಿಯ ಆಯಾಗೆ ಗೊತ್ತಿವೆಯೇ ಎಂದು ಕೇಳಿಕೊಳ್ಳಿ. ಶಾಲು ಹೊದಿಸುವ ಸನ್ಮಾನಗಳ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ. ಮಾಡಿ, ಬೇಡವೆನ್ನುವುದಿಲ್ಲ, ಆದರೆ ಆಯಾ ಒಬ್ಬರು ಹೇಳಿದ್ದರಿಂದ ಒಂದು ಅನಾಹುತ ತಪ್ಪಿದರೆ ಆ ದಿನವೇ, ಆ ವಾರ್ಡಿನಲ್ಲಿಯೇ, ಅವರ ಹೆಸರು ಹಿಡಿದು ಹೇಳಿದ ಎರಡು ಮಾತಿಗೆ ಶಾಲಿಗಿಂತ ತೂಕ ಹೆಚ್ಚು.

ನಾಳೆಯಿಂದಲೇ ಏನು ಮಾಡಬೇಕೆಂದು ಕೇಳಿದರೆ: ಬೆಳಿಗ್ಗೆ ಓಪಿಡಿಗೆ ಮುಂಚೆ ಹತ್ತು ನಿಮಿಷ, ಪ್ರತಿ ವಿಭಾಗದಿಂದ ಒಬ್ಬರು, ಎಲ್ಲರೂ ನಿಂತುಕೊಂಡೇ ಒಂದು ಸಭೆ. "ನಿನ್ನೆ ರಾತ್ರಿ ಏನು ಕೆಟ್ಟಿತು, ಇಂದು ಏನು ಕಡಿಮೆ ಬೀಳಲಿದೆ?" ಎಂಬ ಎರಡೇ ಪ್ರಶ್ನೆ, ಮೊದಲು ಮಾತಾಡುವವರು ಸ್ವಚ್ಛತಾ ಸಿಬ್ಬಂದಿ, ಕೊನೆಗೆ ವೈದ್ಯರು. ಮೊದಲ ವಾರ ಯಾರೂ ಏನೂ ಹೇಳುವುದಿಲ್ಲ. ಎರಡನೆಯ ವಾರ ಯಾರೋ ಒಬ್ಬರು ನಲ್ಲಿ ಸೋರುವ ವಿಷಯ ಹೇಳುತ್ತಾರೆ. ಅದು ನಿಮ್ಮ ಪರೀಕ್ಷೆ. ಸಂಜೆಯೊಳಗೆ ಆ ನಲ್ಲಿ ರಿಪೇರಿಯಾದರೆ ಮೂರನೆಯ ವಾರ ಹೆರಿಗೆ ಕೋಣೆಯ ವಿಷಯ ಬರುತ್ತದೆ. ರಿಪೇರಿ ಸಾಧ್ಯವಾಗದಿದ್ದರೆ ಏಕೆ ಆಗಲಿಲ್ಲವೆಂದು ಮರುದಿನ ಅದೇ ಸಭೆಯಲ್ಲಿ ತಿಳಿಸಿ. ಸಭೆಯಲ್ಲಿ ಹೇಳಿದ್ದಕ್ಕಾಗಿ ಯಾರಿಗೂ ನೋಟಿಸ್ ಹೋಗದು ಎಂಬ ಮಾತನ್ನು ಒಮ್ಮೆ ಮುರಿದರೆ ಮತ್ತೆ ಕಟ್ಟಲು ವರ್ಷಗಳು ಬೇಕಾಗುತ್ತವೆ.

ಆ ಇಬ್ಬರು ಶುಶ್ರೂಷಾಧಿಕಾರಿಗಳನ್ನು ಬೇರೆಬೇರೆಯಾಗಿ ಕರೆದು ಮಾತಾಡಿ. ಅರ್ಜಿ ಹಿಂಪಡೆಯಿರಿ ಎಂದು ಕೇಳಬೇಡಿ, "ಇಲ್ಲಿ ಯಾವುದು ಬದಲಾಗಿದ್ದರೆ ನೀವು ಈ ಅರ್ಜಿ ಬರೆಯುತ್ತಿರಲಿಲ್ಲ?" ಎಂದು ಕೇಳಿ, ಅವರು ಹೇಳಿದ್ದನ್ನು ಅವರೆದುರಿಗೇ ಬರೆದುಕೊಳ್ಳಿ. ಡ್ಯೂಟಿ ಪಟ್ಟಿಯ ಮಾತು ಬಂದರೆ ನೀವು ಎಣಿಸಿದ ಲೆಕ್ಕವನ್ನು ಮುಂದಿಡಿ, ತಪ್ಪಾಗಿದ್ದರೆ ತಪ್ಪಾಗಿದೆ ಎನ್ನಿ. ಅಷ್ಟಾದ ಮೇಲೂ ಒಬ್ಬರು ಹೋಗುವುದೇ ಖಚಿತವಾದರೆ ಅವರನ್ನು ಬಿಡುಗಡೆ ಮಾಡುವ ದಿನವನ್ನು ವಿನಾಕಾರಣ ಎಳೆಯಬೇಡಿ. ಸೇವಾ ಪುಸ್ತಕದ ನಮೂದುಗಳು, ರಜೆಯ ಲೆಕ್ಕ, ಅಂತಿಮ ವೇತನ ಪ್ರಮಾಣಪತ್ರ ಎಲ್ಲವೂ ಆ ದಿನ ಮಧ್ಯಾಹ್ನದೊಳಗೆ ಸಿದ್ಧವಾಗಿರಲಿ, ಅವರು ಗುಮಾಸ್ತರ ಮೇಜಿನ ಮುಂದೆ ಮೂರು ಸಲ ಬಂದು ನಿಲ್ಲುವಂತಾಗದಿರಲಿ. ಉಳಿಯುವವರೆಲ್ಲ ಅದನ್ನು ನೋಡುತ್ತಿರುತ್ತಾರೆ.